ಸಾಮಾಜಿಕ ಜಾಲತಾಣಗಳಲ್ಲಿ ಮಾತು ಎಲ್ಲಿ ಮುಗಿಯುತ್ತದೆ, ಮಾರಾಟ ಎಲ್ಲಿ ಆರಂಭವಾಗುತ್ತದೆ?

ಕಿಟಕಿಪಕ್ಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡೆದ ಎರಡು ಸಣ್ಣ ಸಂಗತಿಗಳಿಂದಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಎಂಟು ವರ್ಷಗಳಿಂದ ಸಂಪರ್ಕದಲ್ಲಿಲ್ಲದ ಸಹಪಾಠಿಯೊಬ್ಬನಿಂದ ಒಂದು ರಾತ್ರಿ ಸಂದೇಶ ಬಂದಿತು. "ಹೇಗಿದ್ದೀಯ? ತುಂಬಾ ದಿನದಿಂದ ನಿನ್ನ ನೆನಪಾಗುತ್ತಿತ್ತು" ಎಂದು ಬರೆದಿದ್ದ. ನಾನು ಸಂತೋಷದಿಂದಲೇ ನನ್ನ ಕೆಲಸ, ಮನೆ, ಅಮ್ಮನ ಮಂಡಿನೋವು ಎಲ್ಲವನ್ನೂ ಉದ್ದವಾಗಿ ಬರೆದೆ. ಸ್ವಲ್ಪ ಹೊತ್ತಿನ ನಂತರ "ಅಮ್ಮ ಬೇಗ ಗುಣವಾಗಲಿ" ಎಂಬ ಸಾಲು ಬಂದಿತು. ಅದರ ಬೆನ್ನಿಗೇ ಆರೋಗ್ಯವರ್ಧಕ ಪುಡಿಯೊಂದರ ಕ್ಯಾಟಲಾಗಿನ ಲಿಂಕ್ ಬಂದಿತು. ಮರುದಿನ ನನ್ನ ಹುಟ್ಟುಹಬ್ಬ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶುಭಾಶಯ ಕೋರಿದ್ದು ಒಂದು ವಿಮಾ ಕಂಪನಿ. ನನ್ನನ್ನು ಹೆಸರು ಹಿಡಿದು ಕರೆದು, ಕೊನೆಯಲ್ಲಿ "ಪ್ರೀತಿಯಿಂದ" ಎಂದು ಸಹಿಯನ್ನೂ ಹಾಕಿತ್ತು.

ಜಾಹೀರಾತುಗಳ ಬಗ್ಗೆ ನನಗೆ ತಕರಾರಿಲ್ಲ. ಪತ್ರಿಕೆ ಓದುವ ಮನೆಯಲ್ಲಿ ಬೆಳೆದವನಾದ್ದರಿಂದ ಸುದ್ದಿಯ ಪಕ್ಕದಲ್ಲಿ ಜಾಹೀರಾತು ಇರುತ್ತದೆ, ಅದರಿಂದಲೇ ಪತ್ರಿಕೆ ಬದುಕುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಅಲ್ಲಿ ಜಾಹೀರಾತಿನ ಸುತ್ತ ಒಂದು ಗೆರೆ ಇರುತ್ತಿತ್ತು. ಗೆಳೆಯನು ಅಂಗಡಿಯವನ ಧಾಟಿಯಲ್ಲಿ, ಅಂಗಡಿಯವನು ಗೆಳೆಯನ ಧಾಟಿಯಲ್ಲಿ ಮಾತನಾಡತೊಡಗಿದ ಮೇಲೆ ಆ ಗೆರೆ ಎಲ್ಲಿದೆ ಎಂಬುದೇ ತಿಳಿಯದಂತಾಗಿದೆ. ಇದು ಹೇಗಾಯಿತು? ಯಾರೋ ಕೂತು ಯೋಜಿಸಿದ್ದೇ, ಅಥವಾ ತಾನಾಗಿಯೇ ಹೀಗೆ ಬೆಳೆಯಿತೇ? ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಬೇಕು.

ಲೆಕ್ಕದಪುಸ್ತಕ

ಕಿಟಕಿಪಕ್ಕದವರೇ, ಒಳ್ಳೆಯ ಪ್ರಶ್ನೆ. ಆದರೆ ಅದರೊಳಗೆ ಅಡಗಿರುವ ಒಂದು ನಂಬಿಕೆಯನ್ನು ಮೊದಲು ಸರಿಪಡಿಸಬೇಕಾಗಿದೆ. ಈ ತಾಣಗಳು ಒಂದು ಕಾಲದಲ್ಲಿ ನಿರ್ಮಲವಾಗಿದ್ದವು, ಆಮೇಲೆ ವ್ಯಾಪಾರಿಗಳು ಬಂದು ಕೆಡಿಸಿದರು ಎಂದು ಬಹಳ ಮಂದಿ ಭಾವಿಸಿದ್ದಾರೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ.

ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ. ವಿದ್ಯಾರ್ಥಿಗಳಲ್ಲದವರಿಗೂ ಅದರ ಬಾಗಿಲು ಪೂರ್ತಿಯಾಗಿ ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ. ಅದಾಗಿ ಒಂದು ವರ್ಷ ಎರಡು ತಿಂಗಳಿಗೆ, ಅಂದರೆ 2007ರ ನವೆಂಬರಿನಲ್ಲಿ, ಕಂಪನಿಗಳಿಗಾಗಿ ಪೇಜ್‌ಗಳು, ಹೊಸ ಜಾಹೀರಾತು ವ್ಯವಸ್ಥೆ ಮತ್ತು ಬೀಕನ್ ಎಂಬ ಯೋಜನೆ ಒಟ್ಟಿಗೇ ಬಂದವು. ಈ ಬೀಕನ್ನಿನ ಕಥೆಯನ್ನು ಇಂದಿನವರು ಮರೆತಿದ್ದಾರೆ. ನೀವು ಬೇರೆ ಯಾವುದೋ ಜಾಲತಾಣದಲ್ಲಿ ಏನನ್ನಾದರೂ ಕೊಂಡರೆ ಆ ಸುದ್ದಿಯನ್ನು ಅದು ನಿಮ್ಮ ಗೆಳೆಯರಿಗೆಲ್ಲ ತಲುಪಿಸುತ್ತಿತ್ತು. ಹೆಂಡತಿಗೆಂದು ಗುಟ್ಟಾಗಿ ಉಂಗುರ ಕೊಂಡವನೊಬ್ಬನ ಗುಟ್ಟು ಹೀಗೆಯೇ ಬಯಲಾಗಿ, ಉಂಗುರಕ್ಕಿಂತ ಮೊದಲೇ ಸುದ್ದಿ ಹೆಂಡತಿಯನ್ನು ಮುಟ್ಟಿತು. ಮೊಕದ್ದಮೆಯಾಯಿತು. 2009ರಲ್ಲಿ ಬೀಕನ್ ಮುಚ್ಚಿತು, 95 ಲಕ್ಷ ಡಾಲರುಗಳಿಗೆ ರಾಜಿಯೂ ಆಯಿತು. ಅಷ್ಟಕ್ಕೇ ಪಾಠ ಕಲಿತರೇ? 2011ರಲ್ಲಿ ಅದೇ ಆಲೋಚನೆ ಬೇರೆ ಹೆಸರಿನಲ್ಲಿ ಮರಳಿತು. ನೀವು ಒಂದು ಕಂಪನಿಯ ಪೇಜನ್ನು ಲೈಕ್ ಮಾಡಿದರೆ ನಿಮ್ಮ ಹೆಸರು ಮತ್ತು ಭಾವಚಿತ್ರವೇ ಆ ಕಂಪನಿಯ ಜಾಹೀರಾತಾಗಿ ನಿಮ್ಮ ಗೆಳೆಯರ ಮುಂದೆ ನಿಲ್ಲುತ್ತಿತ್ತು. ಅದಕ್ಕೂ ಮೊಕದ್ದಮೆಯಾಗಿ, 2 ಕೋಟಿ ಡಾಲರುಗಳ ರಾಜಿಯಾಗಿ, 2014ರಲ್ಲಿ ಅದನ್ನೂ ಕೈಬಿಡಲಾಯಿತು.

ಗಮನಿಸಿ: ಎರಡೂ ಸಲ ಮಾರಾಟಕ್ಕಿದ್ದ ಸರಕು ಜಾಹೀರಾತಿನ ಜಾಗವಾಗಿರಲಿಲ್ಲ, ಗೆಳೆಯನ ಮೇಲಿನ ನಂಬಿಕೆಯಾಗಿತ್ತು. ಕಂಪನಿ ಹೇಳಿದರೆ ನಾವು ಅನುಮಾನಿಸುತ್ತೇವೆ, ಗೆಳೆಯ ಹೇಳಿದರೆ ಒಪ್ಪುತ್ತೇವೆ. ಇದು ಅವರಿಗೆ ಮೊದಲ ದಿನದಿಂದಲೇ ತಿಳಿದಿತ್ತು.

ವಾಟ್ಸ್‌ಆ್ಯಪ್ ಕಥೆ ಇನ್ನೂ ಖೇದಕರ. ತಾವು ಜಾಹೀರಾತುಗಳನ್ನು ಏಕೆ ಮಾರುವುದಿಲ್ಲ ಎಂದು ಅದರ ಸ್ಥಾಪಕರು 2012ರಲ್ಲಿ ಬಹಿರಂಗವಾಗಿ ಬರೆದುಕೊಂಡಿದ್ದರು. 2014ರಲ್ಲಿ ಅದನ್ನು ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರುಗಳಿಗೆ ಕೊಳ್ಳುವ ಒಪ್ಪಂದವಾಯಿತು. 2016ರಲ್ಲಿ ವರ್ಷಕ್ಕೆ ಒಂದು ಡಾಲರಿನ ಶುಲ್ಕ ರದ್ದಾದಾಗ ನಾವೆಲ್ಲ ಸಂತೋಷಪಟ್ಟೆವು. ಶುಲ್ಕ ಕೊಡುವವನು ಗ್ರಾಹಕ, ಕೊಡದವನು ಯಾರು ಎಂದು ಆಗ ಯಾರೂ ಕೇಳಲಿಲ್ಲ. 2018ರಲ್ಲಿ ವ್ಯಾಪಾರಿಗಳಿಗೆಂದೇ ಪ್ರತ್ಯೇಕ ಆ್ಯಪ್ ಬಂದಿತು. 2025ರ ಜೂನ್‌ನಲ್ಲಿ ಸ್ಟೇಟಸ್ ನಡುವೆ ಜಾಹೀರಾತು ತೋರಿಸುವುದಾಗಿ ಪ್ರಕಟಣೆಯೂ ಬಂದಿತು.

ಈ ಎಲ್ಲ ತಾಣಗಳ ಒಡೆತನವಿರುವ ಮೆಟಾ ಕಂಪನಿಯ 2024ರ ಒಟ್ಟು ವರಮಾನ ಸುಮಾರು 16,450 ಕೋಟಿ ಡಾಲರು. ಅದರಲ್ಲಿ ಸುಮಾರು 16,060 ಕೋಟಿ ಬಂದದ್ದು ಜಾಹೀರಾತಿನಿಂದ. ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಪಾಲು ಯಾವುದರಿಂದ ಬರುತ್ತದೆಯೋ ಅದೇ ಆ ಕಂಪನಿಯ ಕಸುಬು. ಉಳಿದದ್ದೆಲ್ಲ ಅಂಗಡಿಯ ಮುಂದಿನ ಅಲಂಕಾರ.

ದಾರಸೂಜಿ

ಲೆಕ್ಕದಪುಸ್ತಕದವರ ಅಂಕಿಅಂಶಗಳನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಜಾಹೀರಾತು ಕೊಡುವ ಕಡೆಯಿಂದಲೂ ಒಬ್ಬರು ಮಾತನಾಡಬೇಕೆಂದು ಬರೆಯುತ್ತಿದ್ದೇನೆ.

ನಾನು ಕೈಯಿಂದ ಹೊಲಿದ ನೋಟ್‌ಬುಕ್‌ಗಳನ್ನು ತಯಾರಿಸಿ ಮಾರುತ್ತೇನೆ. ಹಾಳೆಗಳನ್ನು ಮಡಚಿ, ಕಂತೆ ಕಟ್ಟಿ, ಮೇಣ ಸವರಿದ ದಾರದಿಂದ ಹೊಲಿದು, ರಟ್ಟು ಅಂಟಿಸುವ ಕೆಲಸ. ನನ್ನ ಬಳಿ ಅಂಗಡಿಯಿಲ್ಲ, ಅಂಗಡಿ ಇಡುವಷ್ಟು ಬಂಡವಾಳವೂ ಇರಲಿಲ್ಲ. ಹೊಲಿಗೆಯ ಒಂದು ಚಿಕ್ಕ ವಿಡಿಯೊ ಹಾಕಿದೆ. ಅದನ್ನು ನೋಡಿದ ಯಾರೋ ಅಪರಿಚಿತರು ಮೂರು ಪುಸ್ತಕಗಳನ್ನು ಕೇಳಿದರು. ನನ್ನಂಥವರಿಗೆ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಎಂದೂ ಎಟುಕುತ್ತಿರಲಿಲ್ಲ. ಆದ್ದರಿಂದ "ವ್ಯಾಪಾರಿಗಳು ಬಂದು ಕೆಡಿಸಿದರು" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಚುಚ್ಚಿದಂತಾಗುತ್ತದೆ. ನಾನೂ ಆ ವ್ಯಾಪಾರಿಗಳಲ್ಲಿ ಒಬ್ಬಳೇ ತಾನೆ?

ಆದರೆ ಆಮೇಲೆ ನಡೆದದ್ದನ್ನೂ ಹೇಳಬೇಕು. ಮೊದಲ ಎರಡು ವರ್ಷಗಳಲ್ಲಿ ನಾನು ಏನೇ ಹಾಕಿದರೂ ನನ್ನನ್ನು ಫಾಲೋ ಮಾಡುವವರಲ್ಲಿ ಬಹುಪಾಲು ಜನರಿಗೆ ಅದು ಕಾಣುತ್ತಿತ್ತು. ಹಳೆಯ ಗ್ರಾಹಕರು "ಈ ಸಲ ಗೆರೆಯಿಲ್ಲದ ಹಾಳೆಯದ್ದು ಇದೆಯೇ?" ಎಂದು ಕೇಳುತ್ತಿದ್ದರು. ಬರಬರುತ್ತಾ ಆ ಮಾತುಗಳು ಕಡಿಮೆಯಾದವು. ನನ್ನ ಕೆಲಸ ಕೆಟ್ಟಿತೇನೋ ಎಂದು ನಾನು ಬಹಳ ದಿನ ಕೊರಗಿದೆ. ಒಂದು ದಿನ ಹಳೆಯ ಗ್ರಾಹಕರೊಬ್ಬರಿಗೆ ನಾನೇ ಸಂದೇಶ ಕಳಿಸಿ ವಿಚಾರಿಸಿದಾಗ, "ನೀವು ಪುಸ್ತಕ ಮಾಡುವುದನ್ನು ನಿಲ್ಲಿಸಿದಿರಿ ಎಂದುಕೊಂಡಿದ್ದೆ, ಏನೂ ಕಾಣಿಸುತ್ತಲೇ ಇರಲಿಲ್ಲ" ಎಂದರು. ಆ ತಿಂಗಳಲ್ಲಿ ನಾನು ಹದಿನೆಂಟು ಪೋಸ್ಟ್‌ಗಳನ್ನು ಹಾಕಿದ್ದೆ.

ಪ್ರತಿಯೊಂದು ಪೋಸ್ಟಿನ ಕೆಳಗೂ ಒಂದು ನೀಲಿ ಗುಂಡಿ ಇರುತ್ತದೆ: ಬೂಸ್ಟ್ ಮಾಡಿ. ಅಪ್ಪಿತಪ್ಪಿ ಒಂದು ಪೋಸ್ಟ್ ಚೆನ್ನಾಗಿ ಓಡಿದರೆ ಸಾಕು, "ಈ ಪೋಸ್ಟ್ ನಿಮ್ಮ ಇತರ ಪೋಸ್ಟ್‌ಗಳಿಗಿಂತ ಚೆನ್ನಾಗಿ ಸಾಗುತ್ತಿದೆ, ಇದನ್ನು ಇನ್ನಷ್ಟು ಜನರಿಗೆ ತಲುಪಿಸಿ" ಎಂಬ ಸೂಚನೆ ಬರುತ್ತದೆ. ನಾನು ಹಣ ಕಟ್ಟಿದೆ. ಜನ ಬಂದರು. ಹಣ ನಿಂತಿತು, ಜನರೂ ನಿಂತರು. ನಾನೇ ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡ ಗ್ರಾಹಕರ ಬಾಗಿಲು ತಟ್ಟಲು ಪ್ರತಿ ಸಲವೂ ಬೇರೆ ಯಾರಿಗೋ ಸುಂಕ ಕಟ್ಟಬೇಕು ಎಂಬುದು ನನಗೆ ಅರ್ಥವಾದದ್ದು ಆಗಲೇ. ಈಗ ನನ್ನ ಲೆಕ್ಕದಲ್ಲಿ ದಾರ, ರಟ್ಟು, ಅಂಟು, ಅಂಚೆ ಎಂಬ ಕಲಮುಗಳ ಜೊತೆಗೆ ಬೂಸ್ಟ್ ಎಂಬ ಕಲಮೂ ಇದೆ. ಕೆಲವು ತಿಂಗಳು ಅದು ದಾರ ಮತ್ತು ರಟ್ಟು ಎರಡನ್ನೂ ಮೀರುತ್ತದೆ.

ಮಧ್ಯಾಹ್ನದಬಿಸಿಲು

ಇಷ್ಟೆಲ್ಲ ಚಿಂತೆ ಏಕೆ ಎಂದು ನನಗೆ ತಿಳಿಯುತ್ತಿಲ್ಲ. ಬೇಡವಾದ ಜಾಹೀರಾತನ್ನು ಮರೆಮಾಡುವ ಆಯ್ಕೆ ಇದೆ, ಬೇಡವಾದ ಖಾತೆಯನ್ನು ಬ್ಲಾಕ್ ಮಾಡಬಹುದು, ಅದೂ ಸಾಲದಿದ್ದರೆ ಆ್ಯಪ್ ತೆಗೆದುಹಾಕಬಹುದು. ಸಂತೆಯಲ್ಲಿ ಮನೆ ಮಾಡಿದವರು ಗದ್ದಲದ ಬಗ್ಗೆ ದೂರಬಾರದು.

ಪರದೆಹಿಂದೆ

ಮಧ್ಯಾಹ್ನದಬಿಸಿಲು ಅವರೇ, ಸಂತೆಯಲ್ಲಿ ಮನೆ ಮಾಡಿದವರು ನಾವಲ್ಲ. ನಮ್ಮ ಪಡಸಾಲೆಯಲ್ಲಿ ಸಂತೆ ನೆರೆಯಿತು. ಆ ಸಂತೆಯನ್ನು ನೆರೆಸುವವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಹೇಳುವ ಅರ್ಹತೆ ನನಗಿದೆ ಎಂದುಕೊಂಡಿದ್ದೇನೆ. ಒಂಬತ್ತು ವರ್ಷಗಳಿಂದ ಕಂಪನಿಗಳ ಪರವಾಗಿ ಅವುಗಳ ಖಾತೆಗಳನ್ನು ನಡೆಸುವುದೇ ನನ್ನ ಉದ್ಯೋಗ. ಯಾವ ಕಂಪನಿಗಳೆಂದು ಹೇಳಲಾರೆ, ಕೆಲಸದ ರೀತಿಯನ್ನು ಹೇಳಬಲ್ಲೆ.

ಹೊಸ ಕಂಪನಿಯ ಕೆಲಸ ಬಂದ ಕೂಡಲೇ ನಮಗೆ ಒಂದು ಕಡತವನ್ನು ಕೊಡುತ್ತಾರೆ. ಅದರಲ್ಲಿ ಆ ಬ್ರ್ಯಾಂಡ್ ಒಬ್ಬ ಮನುಷ್ಯನಾಗಿದ್ದರೆ ಅವನ ವಯಸ್ಸೆಷ್ಟು, ಅವನು ಹೇಗೆ ನಗುತ್ತಾನೆ, ಯಾವ ಮಾತುಗಳನ್ನು ಆಡುತ್ತಾನೆ, ಯಾವುದಕ್ಕೆ ಕ್ಷಮೆ ಕೇಳುತ್ತಾನೆ, ಯಾವುದಕ್ಕೆ ಕೇಳುವುದಿಲ್ಲ ಎಂಬುದೆಲ್ಲ ಬರೆದಿರುತ್ತದೆ. ನಾನು ಏಕಕಾಲದಲ್ಲಿ ಇಪ್ಪತ್ತೈದರ ತುಂಟ ಯುವಕನಾಗಿಯೂ ಐವತ್ತರ ಗಂಭೀರ ಚಿಕ್ಕಮ್ಮನಾಗಿಯೂ ಉತ್ತರ ಬರೆದದ್ದುಂಟು. ಸಿಟ್ಟಾದ ಗ್ರಾಹಕರಿಗೆ "ನಿಮಗಾದ ತೊಂದರೆಯಿಂದ ನಮಗೂ ಬೇಸರವಾಗಿದೆ, ದಯವಿಟ್ಟು ವಿವರಗಳನ್ನು ಮೆಸೇಜ್ ಮಾಡಿ" ಎಂದು ಬರೆಯುತ್ತೇವಲ್ಲ, ಅದರ ಮುಖ್ಯ ಉದ್ದೇಶ ಜಗಳವನ್ನು ನಾಲ್ಕು ಜನ ನೋಡುವ ಜಾಗದಿಂದ ಒಳಗೆ ಎಳೆದುಕೊಳ್ಳುವುದು. ಬೇಸರ ಯಾರಿಗೂ ಆಗಿರುವುದಿಲ್ಲ.

ತಿಂಗಳ ಪೋಸ್ಟ್‌ಗಳನ್ನು ಮುಂಚೆಯೇ ಸಿದ್ಧಪಡಿಸಿ ದಿನ, ಗಂಟೆ ಗೊತ್ತುಮಾಡಿಟ್ಟಿರುತ್ತೇವೆ. ಹೀಗೆ ಇಟ್ಟಿದ್ದ "ಇಂದು ಆಕಾಶ ಎಷ್ಟು ಸುಂದರವಾಗಿದೆ ಅಲ್ಲವೇ?" ಎಂಬ ಪೋಸ್ಟೊಂದು, ದೊಡ್ಡ ವಿಮಾನ ಅಪಘಾತದ ಸುದ್ದಿ ಬಂದ ಬೆಳಿಗ್ಗೆ ತನ್ನ ಪಾಡಿಗೆ ತಾನು ಪ್ರಕಟವಾಗಿಬಿಟ್ಟಿತು. ನಾನು ಬಸ್ಸಿನಲ್ಲಿದ್ದೆ. ಅದನ್ನು ಅಳಿಸುವುದರೊಳಗೆ ಹನ್ನೊಂದು ನಿಮಿಷ ಕಳೆದಿತ್ತು. ಆ ಹನ್ನೊಂದು ನಿಮಿಷಗಳ ಪ್ರತಿಕ್ರಿಯೆಗಳನ್ನು ಇಂದಿಗೂ ಮರೆತಿಲ್ಲ.

ಕಿಟಕಿಪಕ್ಕದವರ ಮೂಲ ಪ್ರಶ್ನೆಗೆ ಬರುತ್ತೇನೆ. ಯಾರಾದರೂ ಕೂತು ಯೋಜಿಸಿದ್ದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಕೆಲಸವನ್ನು ಮಾಡಿದ್ದು ಹರಾಜಿನ ನಿಯಮ. ನೀವು ಪರದೆಯನ್ನು ಸರಿಸುವಾಗ ಜಾಹೀರಾತಿಗೆ ಒಂದು ಜಾಗ ತೆರವಾದ ಕ್ಷಣದಲ್ಲೇ ಅದಕ್ಕಾಗಿ ಹರಾಜು ನಡೆದು ಮುಗಿದಿರುತ್ತದೆ. ಆ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನೇ ಗೆಲ್ಲುತ್ತಾನೆಂದು ಹೊರಗಿನವರು ತಿಳಿದಿದ್ದಾರೆ. ನಿಜವಾಗಿ ಅಲ್ಲಿ ಮೂರು ಸಂಗತಿಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ: ಕೂಗಿದ ಮೊತ್ತ, ನೋಡುವವನು ಅದನ್ನು ಒತ್ತುವ ಅಥವಾ ಕೊಳ್ಳುವ ಸಂಭವ, ಮತ್ತು ಜಾಹೀರಾತಿನ ಗುಣಮಟ್ಟಕ್ಕೆ ಕೊಟ್ಟ ಅಂಕ. ಅಂದರೆ ಜನ ಒತ್ತುವ ಸಂಭವ ಹೆಚ್ಚಿರುವ ಜಾಹೀರಾತು ಕಡಿಮೆ ಹಣಕ್ಕೂ ಗೆಲ್ಲಬಲ್ಲದು. ಜನ ಯಾವುದನ್ನು ಹೆಚ್ಚು ಒತ್ತುತ್ತಾರೆ? ಜಾಹೀರಾತಿನಂತೆ ಕಾಣದ್ದನ್ನು. ಸ್ಟುಡಿಯೊದಲ್ಲಿ ತೆಗೆದ ಚಿತ್ರಕ್ಕಿಂತ ಮೊಬೈಲಿನಲ್ಲಿ, ಸ್ವಲ್ಪ ಅಲುಗಾಡುವ ಕೈಯಿಂದ, ಅಡುಗೆಮನೆಯ ಬೆಳಕಿನಲ್ಲಿ ತೆಗೆದದ್ದು ನಮಗೆ ಎಷ್ಟೋ ಸಲ ಅಗ್ಗವಾಗಿ ಬಿದ್ದಿದೆ. ಆದ್ದರಿಂದ ನಾವು ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡೇ ಕೆಟ್ಟದಾಗಿ ಚಿತ್ರೀಕರಿಸುವುದನ್ನು ಕಲಿತೆವು. ಅಂಗಡಿ ಗೆಳೆಯನ ವೇಷ ಹಾಕಿದರೆ ಬಾಡಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದಾದ ಮೇಲೆ ಯಾವ ಅಂಗಡಿ ತಾನೇ ವೇಷ ಹಾಕುವುದಿಲ್ಲ?

ಇನ್ನು ಗೆಳೆಯರೇ ನೇರವಾಗಿ ಬಾಡಿಗೆಗೆ ಸಿಗುವ ಏರ್ಪಾಡೂ ಇದೆ. ಲಕ್ಷಾಂತರ ಫಾಲೋವರ್‌ಗಳಿರುವ ತಾರೆಗಿಂತ ಕೆಲವೇ ಸಾವಿರ ಮಂದಿ ಇರುವ ಸಾಮಾನ್ಯ ಇನ್‌ಫ್ಲುಯೆನ್ಸರ್ ನಮಗೆ ಹೆಚ್ಚು ಉಪಯುಕ್ತ, ಏಕೆಂದರೆ ಅವರ ಮಾತನ್ನು ಜನ ಪಕ್ಕದ ಮನೆಯವರ ಮಾತಿನಂತೆ ಕೇಳುತ್ತಾರೆ. ಅವರ ಖಾತೆಯ ಹೆಸರಿನಲ್ಲೇ ನಮ್ಮ ಜಾಹೀರಾತನ್ನು ಓಡಿಸಲು ಅನುಮತಿ ಪಡೆಯುತ್ತೇವೆ. ಹಣ ನಮ್ಮದು, ಮುಖ ಅವರದು. "ಪೇಯ್ಡ್ ಪಾರ್ಟ್ನರ್‌ಶಿಪ್" (ಅಂದರೆ ಹಣ ಪಡೆದು ಹಾಕಿದ್ದು) ಎಂಬ ಪಟ್ಟಿಯನ್ನು ಇನ್‌ಸ್ಟಾಗ್ರಾಂ 2017ರಲ್ಲೇ ತಂದಿತು. ಅದು ಎಷ್ಟು ಚಿಕ್ಕ ಅಕ್ಷರದಲ್ಲಿ, ಎಷ್ಟು ಮಾಸಲು ಬಣ್ಣದಲ್ಲಿ ಇರುತ್ತದೆ ಎಂಬುದನ್ನು ಒಮ್ಮೆ ನೀವೇ ನೋಡಿ.

ಕಿಟಕಿಪಕ್ಕ

ಪರದೆಹಿಂದೆಯವರೇ, ಇಷ್ಟು ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಧನ್ಯವಾದಗಳು. ನಿಮ್ಮ ಬರಹ ಓದಿದ ಮೇಲೆ ನಿನ್ನೆ ರಾತ್ರಿ ಕಾಗದ, ಪೆನ್ನು ಹಿಡಿದು ಕುಳಿತು ನನ್ನ ಫೀಡನ್ನು ಸರಿಸುತ್ತಾ ಗೆಳೆಯರದ್ದು, ಕಂಪನಿಯದ್ದು, ಯಾರೆಂದು ತಿಳಿಯದವರದ್ದು ಎಂದು ಮೂರು ಕಡೆ ಗೆರೆ ಎಳೆಯುತ್ತಾ ಹೋದೆ. ಮೂರನೆಯ ಸಾಲು ಬೇಗ ತುಂಬಿ ಹಾಳೆಯ ಹಿಂಬದಿಗೆ ಹೋಯಿತು. ಗೆಳೆಯರ ಸಾಲಿಗೆ ಮೊದಲ ಗೆರೆ ಬೀಳುವ ಹೊತ್ತಿಗೆ ನನ್ನ ಹೆಬ್ಬೆರಳು ನೋಯುತ್ತಿತ್ತು. ಅದು ಸಹೋದ್ಯೋಗಿಯೊಬ್ಬರ ಮಗಳ ಚಿತ್ರಕಲಾ ಬಹುಮಾನದ ಫೋಟೊ, ಹಾಕಿ ಆರು ದಿನಗಳಾಗಿದ್ದವು. ದಿನವೂ ಅವರನ್ನು ಕಚೇರಿಯಲ್ಲಿ ನೋಡುತ್ತೇನೆ, ಒಂದು ದಿನವೂ ಅಭಿನಂದಿಸಿರಲಿಲ್ಲ.

ಲೆಕ್ಕದಪುಸ್ತಕ

ನಿಮ್ಮ ಕಾಗದದ ಲೆಕ್ಕಕ್ಕೆ ನ್ಯಾಯಾಲಯದ ದಾಖಲೆಯೂ ಬೆಂಬಲವಾಗಿದೆ. ಅಮೆರಿಕದ ವ್ಯಾಪಾರ ಆಯೋಗವು ಮೆಟಾ ಮೇಲೆ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆ 2025ರಲ್ಲಿ ವಿಚಾರಣೆಗೆ ಬಂದಾಗ, ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯದಲ್ಲಿ ಶೇಕಡಾ 17, ಇನ್‌ಸ್ಟಾಗ್ರಾಂನಲ್ಲಿ ಶೇಕಡಾ 7 ಮಾತ್ರ ಗೆಳೆಯರ ಪೋಸ್ಟ್‌ಗಳನ್ನು ನೋಡುವುದಕ್ಕೆ ಹೋಗುತ್ತದೆ ಎಂಬ ಅಂಕಿಯನ್ನು ಮೆಟಾ ಕಂಪನಿಯೇ ಮುಂದಿಟ್ಟಿತು. ಇದನ್ನು ಅವರು ನಾಚಿಕೊಂಡು ಒಪ್ಪಿಕೊಳ್ಳಲಿಲ್ಲ; ಪ್ರತಿವಾದವಾಗಿ ಬಳಸಿದರು. ತಾವು ಈಗ ಗೆಳೆಯರನ್ನು ಬೆಸೆಯುವ ತಾಣವಾಗಿ ಉಳಿದಿಲ್ಲ, ಟಿಕ್‌ಟಾಕ್, ಯೂಟ್ಯೂಬ್‌ಗಳೊಂದಿಗೆ ಸ್ಪರ್ಧಿಸುವ ಮನರಂಜನೆಯ ತಾಣ, ಹಾಗಾಗಿ ಏಕಸ್ವಾಮ್ಯದ ಪ್ರಶ್ನೆ ಏಳುವುದಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು. ನವೆಂಬರಿನಲ್ಲಿ ತೀರ್ಪು ಅವರ ಪರವಾಗಿಯೇ ಬಂದಿತು.

ಹಸಿರೆಲೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ದೊಡ್ಡ ಕಂಪನಿಗಳ ಮಾತು ಸಾಕಷ್ಟಾಗಿದೆ, ಒಂದು ಚಿಕ್ಕ ಗುಂಪಿನಲ್ಲಿ ಇದೇ ಸಂಗತಿ ಹೇಗೆ ನಡೆಯಿತೆಂಬುದನ್ನು ದಾಖಲಿಸುವುದು ಉಪಯುಕ್ತವೆಂದು ತೋರಿತು.

ಮನೆಯೊಳಗೆ ಕುಂಡಗಳಲ್ಲಿ ಗಿಡ ಬೆಳೆಸುವವರ ಗುಂಪೊಂದನ್ನು ನಾನು ಮತ್ತು ಇನ್ನಿಬ್ಬರು ನಡೆಸುತ್ತಿದ್ದೇವೆ. ಆರಂಭದಲ್ಲಿ ಸದಸ್ಯರು ಹಳದಿ ಎಲೆಯ ಫೋಟೊ ಹಾಕಿ, ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ಕೇಳುತ್ತಿದ್ದರು. ಉತ್ತರ ಕೊಡುವವರು ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ, ತೇವವಿದ್ದರೆ ನೀರು ಹಾಕಬೇಡಿ ಎನ್ನುತ್ತಿದ್ದರು. ಇದು ಖರ್ಚಿಲ್ಲದ ಉತ್ತರ. ನಮ್ಮ ಗುಂಪಿನ ಬಹುಪಾಲು ತೊಂದರೆಗಳಿಗೆ ಇದೇ ಸರಿಯಾದ ಉತ್ತರವೂ ಆಗಿತ್ತು.

ಗುಂಪು ಬೆಳೆದ ಮೇಲೆ ಹೊಸ ಬಗೆಯ ಉತ್ತರಗಳು ಬರತೊಡಗಿದವು. "ನನ್ನ ಗಿಡಕ್ಕೂ ಹೀಗೇ ಆಗಿತ್ತು, ಈ ತೇವಮಾಪಕ ಕೊಂಡ ಮೇಲೆ ಸರಿಹೋಯಿತು" ಎಂದು ಒಬ್ಬರು ಬರೆದು ಲಿಂಕ್ ಕೊಟ್ಟರು. ಆ ಲಿಂಕಿನ ಮೂಲಕ ಯಾರಾದರೂ ಕೊಂಡರೆ ಬರೆದವರಿಗೆ ಕಮಿಷನ್ ಹೋಗುತ್ತದೆ ಎಂಬುದು ನಮಗೆ ತಿಳಿದದ್ದು ತಡವಾಗಿ. ಅದರಲ್ಲಿ ತಪ್ಪೇನು ಎಂದು ಕೆಲವರು ಕೇಳಿದರು. ತಪ್ಪೆಂದರೆ, ಬೆರಳು ಇಳಿಸಿ ನೋಡಿ ಎಂಬ ಉತ್ತರಕ್ಕೆ ಕಮಿಷನ್ ಇಲ್ಲ. ಕ್ರಮೇಣ ಆ ಉತ್ತರ ಕೊಡುವವರೇ ಇಲ್ಲವಾದರು. ಪ್ರಶ್ನೆಗಳೂ ಬದಲಾದವು. ಮೂವರು ಸೇರಿ, ಒಬ್ಬ ಪ್ರಶ್ನೆ ಕೇಳುವುದು, ಇನ್ನೊಬ್ಬ ಲಿಂಕ್ ಕೊಡುವುದು, ಮೂರನೆಯವನು ಬಂದು "ಧನ್ಯವಾದ, ನಾನೂ ಆರ್ಡರ್ ಮಾಡಿದೆ" ಎನ್ನುವುದು ಒಂದು ನಾಟಕದಂತೆ ನಡೆಯುತ್ತಿತ್ತು. ಮೂರೂ ಖಾತೆಗಳು ಒಂದೇ ದಿನ ಗುಂಪಿಗೆ ಸೇರಿದ್ದವು ಎಂಬುದನ್ನು ನನ್ನ ಜೊತೆಗಾರ್ತಿ ಪತ್ತೆಮಾಡಿದರು.

ಒಂದು ದಿನ ನನಗೇ ಸಂದೇಶ ಬಂದಿತು. ನಿಮ್ಮ ಗುಂಪನ್ನು ನಮಗೆ ಮಾರುತ್ತೀರಾ ಎಂದು ಕೇಳಿದ್ದರು. ಸದಸ್ಯರ ಸಂಖ್ಯೆಯನ್ನು ತಲೆಗಿಷ್ಟು ಎಂದು ಗುಣಿಸಿ ಬೆಲೆಯನ್ನೂ ಹೇಳಿದ್ದರು. ಹಳದಿ ಎಲೆಗಳ ಫೋಟೊ ಹಾಕಿದ ಜನರನ್ನು ಕುರಿಮಂದೆಯಂತೆ ಎಣಿಸಿದ್ದನ್ನು ನೋಡಿ ನನಗೆ ಮೊದಲು ನಗು ಬಂದಿತು. ಆಮೇಲೆ, ನಾನು ಬೇಡವೆಂದರೂ ಇಂಥ ಎಷ್ಟೋ ಗುಂಪುಗಳು ಈಗಾಗಲೇ ಮಾರಾಟವಾಗಿರಬೇಕು, ಅದರ ಸದಸ್ಯರಿಗೆ ಅದು ತಿಳಿದೂ ಇರಲಾರದು ಎಂದು ಹೊಳೆಯಿತು.

ಮಧ್ಯಾಹ್ನದಬಿಸಿಲು ಅವರಿಗೆ ಒಂದು ಮಾತು. ಇವರಲ್ಲಿ ಯಾರನ್ನು ಬ್ಲಾಕ್ ಮಾಡಬೇಕು ಎಂದು ಗೊತ್ತಾಗುವುದೇ ಕಷ್ಟದ ಕೆಲಸ. ಅದಕ್ಕಾಗಿ ನಾವು ಮೂವರು ವಾರಕ್ಕೆ ಎರಡು ಸಂಜೆಗಳನ್ನು ಸಂಬಳವಿಲ್ಲದೆ ವ್ಯಯಿಸುತ್ತಿದ್ದೇವೆ.

ಮಧ್ಯಾಹ್ನದಬಿಸಿಲು

ಒಪ್ಪಿದೆ, ಬ್ಲಾಕ್ ಮಾಡಿ ಎಂದದ್ದು ಅವಸರದ ಮಾತಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದೆಲ್ಲ ಉಚಿತವಾಗಿ ಸಿಗುವುದರಿಂದಲೇ ಹೀಗಾಗಿದೆಯಲ್ಲವೇ? ಹಣ ಕೊಟ್ಟು ಜಾಹೀರಾತಿಲ್ಲದ ತಾಣವನ್ನು ಬಳಸಲು ಇಲ್ಲಿರುವವರಲ್ಲಿ ಎಷ್ಟು ಮಂದಿ ಸಿದ್ಧರಿದ್ದೀರಿ?

ಲೆಕ್ಕದಪುಸ್ತಕ

ನೇರವಾದ ಪ್ರಶ್ನೆ. ನಾನು ಸಿದ್ಧ. ಆದರೆ ನಾನೊಬ್ಬನೇ ಹೋದರೆ ಅಲ್ಲಿ ಮಾತನಾಡುವುದು ಯಾರೊಂದಿಗೆ? 2014ರಲ್ಲಿ ಎಲ್ಲೋ ಎಂಬ ತಾಣವು ಜಾಹೀರಾತು ತೋರಿಸುವುದಿಲ್ಲ, ಬಳಕೆದಾರರನ್ನು ಸರಕಾಗಿಸುವುದಿಲ್ಲ ಎಂದು ಘೋಷಿಸಿಕೊಂಡು ಬಂದಾಗ ಜನ ಆಹ್ವಾನಕ್ಕಾಗಿ ಕಾದು ನಿಂತಿದ್ದರು. 2023ರಲ್ಲಿ ಅದು ಸದ್ದಿಲ್ಲದೆ ಮುಚ್ಚಿಹೋಯಿತು. ಯುರೋಪಿನಲ್ಲಿ ಮೆಟಾ 2023ರ ನವೆಂಬರಿನಿಂದ ತಿಂಗಳ ಶುಲ್ಕ ಕೊಟ್ಟವರಿಗೆ ಜಾಹೀರಾತಿಲ್ಲದ ಆವೃತ್ತಿಯನ್ನು ಕೊಡತೊಡಗಿತು. ಹಣ ಕೊಡಿ, ಇಲ್ಲವಾದರೆ ನಿಮ್ಮ ಮಾಹಿತಿಯ ಬಳಕೆಗೆ ಒಪ್ಪಿಗೆ ಕೊಡಿ ಎಂಬ ಈ ಆಯ್ಕೆ ಕಾನೂನಿಗೆ ಅನುಗುಣವಾಗಿಲ್ಲವೆಂದು ಯುರೋಪಿಯನ್ ಆಯೋಗವು 2025ರ ಏಪ್ರಿಲ್‌ನಲ್ಲಿ 20 ಕೋಟಿ ಯೂರೊ ದಂಡ ವಿಧಿಸಿತು. ಹಾಗಾಗಿ ಶುಲ್ಕದ ದಾರಿ ನೀವು ಹೇಳಿದಷ್ಟು ನೇರವಾಗಿಲ್ಲ. ಶುಲ್ಕ ಕೊಟ್ಟರೂ ಹಸಿರೆಲೆಯವರ ಗುಂಪಿನ ಆ ಮೂವರು ನಾಟಕದವರು ಅಲ್ಲಿಯೇ ಇರುತ್ತಾರೆ, ಅವರು ಜಾಹೀರಾತಿನ ಲೆಕ್ಕದಲ್ಲಿ ಬರುವವರೇ ಅಲ್ಲ. ಸುಳ್ಳು ವಿಮರ್ಶೆಗಳನ್ನು ಕೊಳ್ಳುವುದು, ಮಾರುವುದು, ವ್ಯಾಪಾರದ ಲಾಭಕ್ಕೆ ನಕಲಿ ಫಾಲೋವರ್‌ಗಳನ್ನು ಮಾರುವುದು ನಿಷಿದ್ಧವೆಂದು ಸಾರುವ, ಅಮೆರಿಕದ ಅದೇ ವ್ಯಾಪಾರ ಆಯೋಗದ ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿದೆ. ನಿಯಮವಿದ್ದರೂ ಅವರನ್ನು ಹುಡುಕುವವರು ಹಸಿರೆಲೆಯವರ ಜೊತೆಗಾರ್ತಿಯಂಥವರೇ.

ಜಾಹೀರಾತು ಮಿತಿಮೀರಿದರೆ ಜನ ತಾವಾಗಿಯೇ ಎದ್ದು ಹೋಗುತ್ತಾರೆ ಎಂಬ ಭರವಸೆಯೂ ಒಂದು ಕಾಲದಲ್ಲಿತ್ತು. ಮೈಸ್ಪೇಸ್ ತಾಣವನ್ನು 2005ರಲ್ಲಿ ನ್ಯೂಸ್ ಕಾರ್ಪೊರೇಷನ್ 58 ಕೋಟಿ ಡಾಲರುಗಳಿಗೆ ಕೊಂಡಿತು, ಮರುವರ್ಷ ಗೂಗಲ್ ಜೊತೆ 90 ಕೋಟಿ ಡಾಲರುಗಳ ಜಾಹೀರಾತು ಒಪ್ಪಂದ ಮಾಡಿಕೊಂಡಿತು, ಪುಟಗಳ ತುಂಬ ಜಾಹೀರಾತು ಮೆತ್ತಿತು, 2011ರಲ್ಲಿ ಸುಮಾರು 3.5 ಕೋಟಿ ಡಾಲರುಗಳಿಗೆ ಮಾರಿ ಕೈತೊಳೆದುಕೊಂಡಿತು. ಅದರ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಅನಂತರ ಬಂದವರು ಅದರಿಂದ ಕಲಿತದ್ದು ಜಾಹೀರಾತನ್ನು ಕಡಿಮೆ ಮಾಡುವುದನ್ನಲ್ಲ, ಅದು ಕಣ್ಣಿಗೆ ಚುಚ್ಚದಂತೆ ಮಾಡುವುದನ್ನು.

ದಾರಸೂಜಿ

ನಾನು ಈ ತಿಂಗಳಿಂದ ಒಂದು ಪ್ರಯೋಗ ಆರಂಭಿಸಿದ್ದೇನೆ. ಪ್ರತಿ ಪಾರ್ಸೆಲ್ಲಿನೊಳಗೆ ಒಂದು ಕಾರ್ಡ್ ಇಡುತ್ತೇನೆ. ಹೊಸ ಪುಸ್ತಕಗಳು ಸಿದ್ಧವಾದಾಗ ಇಮೇಲ್ ಬೇಕೆನ್ನುವವರು ವಿಳಾಸ ಬರೆದು ಕಳಿಸಬಹುದು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಪತ್ರ ಬರುವುದಿಲ್ಲ ಎಂದು ಅದರಲ್ಲಿ ಬರೆದಿದ್ದೇನೆ. ಇಲ್ಲಿಯವರೆಗೆ ನಲವತ್ತೊಂದು ವಿಳಾಸಗಳು ಬಂದಿವೆ. ನಲವತ್ತೊಂದರಿಂದ ಬದುಕು ನಡೆಯುವುದಿಲ್ಲ, ಆದ್ದರಿಂದ ಬೂಸ್ಟ್ ಕೂಡ ಮುಂದುವರಿದಿದೆ. ಪರದೆಹಿಂದೆಯವರು ಬರೆದದ್ದನ್ನು ಓದಿದ ಮೇಲೆ ನನ್ನ ಹೊಲಿಗೆಯ ವಿಡಿಯೊಗಳನ್ನು ಹಳೆಯ ಮೊಬೈಲಿನಲ್ಲಿ ತೆಗೆದು ನೋಡಿದೆ. ಅವರು ಹೇಳಿದಂತೆಯೇ ಅಗ್ಗವಾಗಿ ಓಡಿತು. ಇದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತಿದೆ.

ಕಿಟಕಿಪಕ್ಕ

ಸಹಪಾಠಿಯ ವಿಷಯ ಏನಾಯಿತೆಂದು ಇಬ್ಬರು ಖಾಸಗಿಯಾಗಿ ಕೇಳಿದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಲಿಂಕಿಗೆ ನಾನು ಉತ್ತರಿಸಿರಲಿಲ್ಲ. ಈ ಚರ್ಚೆಯನ್ನು ಓದುತ್ತಾ ಓದುತ್ತಾ, ಇಷ್ಟು ಜನ ಅಪರಿಚಿತರೊಂದಿಗೆ ಅವನ ಬಗ್ಗೆ ಮಾತನಾಡುತ್ತಿದ್ದೇನೆ, ಅವನೊಂದಿಗೇ ಮಾತನಾಡಲಿಲ್ಲವಲ್ಲ ಎನಿಸಿ ನಿನ್ನೆ ಕರೆ ಮಾಡಿದೆ. ಮೊದಲಿಗೆ ಇಬ್ಬರಿಗೂ ಮುಜುಗರವಾಗಿತ್ತು. ಆಮೇಲೆ ಅವನು ತನ್ನ ಕೆಲಸ ಹೋದದ್ದನ್ನು, ಪರಿಚಯದವರೊಬ್ಬರ ಮಾತು ಕೇಳಿ ಈ ಪುಡಿ ಮಾರುವ ಜಾಲಕ್ಕೆ ಸೇರಿದ್ದನ್ನು, ದಿನಕ್ಕೆ ಹತ್ತು ಜನ ಹಳೆಯ ಪರಿಚಯದವರಿಗೆ ಸಂದೇಶ ಕಳಿಸಲೇಬೇಕೆಂಬ ಗುರಿ ಇರುವುದನ್ನು ಹೇಳಿದ. ನಾನು ಸಿಟ್ಟಾಗುವ ಹಾಗಿರಲಿಲ್ಲ. ಆದರೂ, "ನೆನಪಾಗುತ್ತಿತ್ತು ಎಂದು ಬರೆದಿದ್ದೆಯಲ್ಲ, ಅಷ್ಟಾದರೂ ನಿಜವೇ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕರೆ ಮುಗಿದ ಮೇಲೆ ಒಂದು ಚಿತ್ರವನ್ನು ಕಳಿಸಿದ. ಸೇರಿದ ದಿನ ಎಲ್ಲರಿಗೂ ಕೊಟ್ಟ ಹಾಳೆಯ ಫೋಟೊ ಅದು. ಯಾವ ಹೊತ್ತಿನಲ್ಲಿ ಕಳಿಸಬೇಕು, ಉತ್ತರಕ್ಕೆ ಎಷ್ಟು ನಿಮಿಷ ಕಾಯಬೇಕು ಎಂಬುದೆಲ್ಲ ಅದರಲ್ಲಿತ್ತು. ಮೊದಲ ಸಾಲು "ಹೇಗಿದ್ದೀಯ?" ಎಂದಿತ್ತು. ಎರಡನೆಯದು "ತುಂಬಾ ದಿನದಿಂದ ನಿನ್ನ ನೆನಪಾಗುತ್ತಿತ್ತು". ಮೂರನೆಯದರಲ್ಲಿ ತುಂಬಿಕೊಳ್ಳಲು ಚುಕ್ಕೆಗಳನ್ನು ಬಿಟ್ಟು, ಅವುಗಳ ಮುಂದೆ "ಬೇಗ ಗುಣವಾಗಲಿ" ಎಂದು ಅಚ್ಚು ಹಾಕಿದ್ದರು.